ಜಗಳಕ್ಕೊಂದು ಕಟ್ಟೆ: ಪ್ರಾದೇಶಿಕ ಒಕ್ಕೂಟಗಳ ಶಾಂತಿಕಾರ್ಯವನ್ನು ಕುರಿತು

ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿಗೆ ನಾವು ದೇಶ ದೇಶಗಳ ನಡುವೆ ಶಾಂತಿ ನೆಲೆಸಲೆಂದು ಬೇಡಿಕೊಳ್ಳುತ್ತೇವೆ. ಧರ್ಮಸಭೆಯು 1968ರಿಂದ ಜನವರಿ 1ನ್ನು ವಿಶ್ವ ಶಾಂತಿ ದಿನವನ್ನಾಗಿ ಆಚರಿಸುತ್ತ ಬಂದಿದೆ. ನಮ್ಮ ಬೇಡಿಕೆ ದೇವರಿಗೆ ಸಲ್ಲುತ್ತದೆ. ಆದರೆ ಆ ದೇಶಗಳ ಮುಖಂಡರು ಶಾಂತಿಗಾಗಿ ಎಲ್ಲಿ ಕೂಡುತ್ತಾರೆ, ಕೂಡಿದಾಗ ಯಾವ ಮಾತನ್ನು ಎತ್ತುತ್ತಾರೆ, ಯಾವುದನ್ನು ಎತ್ತದೆ ಎದ್ದು ಹೋಗುತ್ತಾರೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಪ್ರಾರ್ಥಿಸುವವನಿಗೆ ಪ್ರಶ್ನಿಸುವ ಕರ್ತವ್ಯವೂ ಇದೆ. ಆ ಕರ್ತವ್ಯದ ಒಂದು ಅಂಶವಾಗಿ ಈ ವಿಮರ್ಶೆ.

ಎರಡನೆಯ ಮಹಾಯುದ್ಧದ ತರುವಾಯ ಜಗತ್ತಿನಲ್ಲಿ ಒಂದು ಹೊಸ ಬಗೆಯ ಸಂಸ್ಥೆ ಹುಟ್ಟಿತು. ಎಲ್ಲ ದೇಶಗಳನ್ನೂ ಒಳಗೊಂಡ ವಿಶ್ವಸಂಸ್ಥೆ ಒಂದೆಡೆ ಇದ್ದರೆ, ನೆರೆಹೊರೆಯ ದೇಶಗಳು ಮಾತ್ರ ಸೇರಿ ಕಟ್ಟಿಕೊಂಡ ಪ್ರಾದೇಶಿಕ ಒಕ್ಕೂಟಗಳು ಇನ್ನೊಂದೆಡೆ. ಐರೋಪ್ಯ ಒಕ್ಕೂಟ, ಆಫ್ರಿಕಾ ಒಕ್ಕೂಟ, ಆಗ್ನೇಯ ಏಷ್ಯಾದ ಆಸಿಯಾನ್, ನಮ್ಮದೇ ದಕ್ಷಿಣ ಏಷ್ಯಾದ ಸಾರ್ಕ್ ಇವೆಲ್ಲ ಆ ಸಾಲಿಗೆ ಸೇರುತ್ತವೆ. ನೆರೆಯವರ ನಡುವೆಯೇ ಯುದ್ಧಗಳು ಹೆಚ್ಚು. ಆದುದರಿಂದ ನೆರೆಯವರೇ ಶಾಂತಿಯ ಕೆಲಸಕ್ಕೆ ಮೊದಲು ಕೈಹಾಕಬೇಕು ಎಂಬುದು ಇವುಗಳ ಹಿಂದಿನ ನಂಬಿಕೆ. ನಂಬಿಕೆ ಸರಿಯಾದುದೇ. ಆಚರಣೆ ಹೇಗಿದೆ ಎಂಬುದನ್ನು ನೋಡಬೇಕಾಗಿದೆ.

ನೋಡಲು ಒಂದು ಅಳತೆಗೋಲು ಬೇಕು. ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹೊಲದ ಬದು, ಬಂಡಿದಾರಿ, ಹರಿಯುವ ನೀರು ಇವುಗಳ ತಕರಾರು ಬಂದಾಗ ಹಿರಿಯರು ಎರಡೂ ಕಡೆಯವರನ್ನು ಕಟ್ಟೆಗೆ ಕರೆಸಿ ಕೂಡಿಸುತ್ತಿದ್ದರು. ಕಟ್ಟೆಯ ತೀರ್ಪು ಯಾವಾಗಲೂ ನ್ಯಾಯವಾಗಿರುತ್ತಿರಲಿಲ್ಲ. ಉಳ್ಳವರ ದನಿ ಅಲ್ಲಿ ದೊಡ್ಡದಾಗಿರುತ್ತಿತ್ತು, ಕೆಲವರಿಗೆ ಕಟ್ಟೆ ಹತ್ತುವ ಹಕ್ಕೇ ಇರಲಿಲ್ಲ. ಆದರೂ ಒಂದು ಮಾತು ನಿಜ: ಯಾವುದಕ್ಕೆ ಜಗಳ ಹತ್ತಿತೋ ಅದನ್ನೇ ಕಟ್ಟೆಯ ಮೇಲೆ ಇಡಲಾಗುತ್ತಿತ್ತು. ಬದುವಿನ ಜಗಳಕ್ಕೆ ಕರೆಸಿ ಮಳೆ-ಬೆಳೆಯ ಮಾತನಾಡಿ ಕಳಿಸಿದರೆ ಅದು ಪಂಚಾಯ್ತಿ ಎನಿಸಿಕೊಳ್ಳುತ್ತಿರಲಿಲ್ಲ. ಈ ಸರಳ ಅಳತೆಯಿಂದಲೇ ದೊಡ್ಡ ಒಕ್ಕೂಟಗಳನ್ನೂ ಅಳೆಯಬಹುದು.

ಬೆಂಗಳೂರಿನ ಎರಡು ದಿನಗಳು

ಸಾರ್ಕ್ ಸ್ಥಾಪನೆಯಾದದ್ದು 1985ರ ಡಿಸೆಂಬರ್ 8ರಂದು, ಢಾಕಾದಲ್ಲಿ. ಅದರ ಎರಡನೆಯ ಶೃಂಗಸಭೆ ನಡೆದದ್ದು ನಮ್ಮ ರಾಜ್ಯದಲ್ಲಿ. 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ. ಏಳು ದೇಶಗಳ ಮುಖ್ಯಸ್ಥರು ಅಲ್ಲಿ ಸೇರಿದರು. ಒಕ್ಕೂಟಕ್ಕೆ ಒಂದು ಶಾಶ್ವತ ಕಾರ್ಯಾಲಯವಿರಬೇಕೆಂಬ ಒಪ್ಪಂದಕ್ಕೆ ಅಲ್ಲಿಯೇ ಸಹಿ ಬಿದ್ದಿತು. 1987ರ ಜನವರಿಯಲ್ಲಿ ಆ ಕಾರ್ಯಾಲಯ ಕಠ್ಮಂಡುವಿನಲ್ಲಿ ತೆರೆಯಿತು.

ಆದರೆ ಆ ಎರಡು ದಿನಗಳಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಮಾತುಕತೆಯೂ ನಡೆದಿತ್ತು. 1983ರಿಂದ ಶ್ರೀಲಂಕಾ ಆಂತರಿಕ ಯುದ್ಧದಲ್ಲಿ ಉರಿಯುತ್ತಿತ್ತು. ಅಧ್ಯಕ್ಷ ಜಯವರ್ಧನೆಯವರು ಶೃಂಗಸಭೆಗೆ ಬಂದಿದ್ದರು. ಎಲ್‌ಟಿಟಿಇ ನಾಯಕ ಪ್ರಭಾಕರನ್ ಅವರನ್ನು ಮದ್ರಾಸಿನಿಂದ ಬೆಂಗಳೂರಿಗೆ ಕರೆತರಲಾಯಿತು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಅವರೂ ಬಂದರು. ಭಾರತ ಸರ್ಕಾರ ಮುಂದಿಟ್ಟ ಪ್ರಸ್ತಾಪವನ್ನು ಪ್ರಭಾಕರನ್ ಒಪ್ಪಲಿಲ್ಲ, ಮಾತು ಮುರಿಯಿತು. ಇದೆಲ್ಲ ನಡೆದದ್ದು ಶೃಂಗಸಭೆಯ ಹೊರಗೆ. ಒಳಗಿನ ಮೇಜಿನ ಮೇಲೆ ಆ ಯುದ್ಧದ ಪ್ರಸ್ತಾಪಕ್ಕೆ ಜಾಗವಿರಲಿಲ್ಲ. ಏಕೆಂದರೆ ಸಾರ್ಕ್ ಸನ್ನದಿನ ಹತ್ತನೆಯ ವಿಧಿಯೇ ಅದನ್ನು ತಡೆಯುತ್ತದೆ: ಎಲ್ಲ ತೀರ್ಮಾನಗಳೂ ಸರ್ವಾನುಮತದಿಂದಲೇ ಆಗಬೇಕು, ಎರಡು ದೇಶಗಳ ನಡುವಿನ ಹಾಗೂ ವಿವಾದಾಸ್ಪದವಾದ ವಿಷಯಗಳನ್ನು ಚರ್ಚೆಯಿಂದ ಹೊರಗಿಡಬೇಕು.

ಮುಂದಿನದನ್ನು ಇತಿಹಾಸ ಬಲ್ಲದು. 1987ರ ಜುಲೈ 29ರಂದು ಭಾರತ ಮತ್ತು ಶ್ರೀಲಂಕಾ ಸರ್ಕಾರಗಳು ತಾವಿಬ್ಬರೇ ಒಪ್ಪಂದ ಮಾಡಿಕೊಂಡವು. ಶಾಂತಿಪಾಲನಾ ಪಡೆಯೆಂಬ ಹೆಸರಿನಲ್ಲಿ ಭಾರತದ ಸೈನಿಕರು ಹೋದರು; ಕಾಯಲು ಹೋದವರು ಕಾದಾಡಬೇಕಾಯಿತು. 1990ರ ಮಾರ್ಚಿಯಲ್ಲಿ ಅವರು ಹಿಂದಿರುಗುವ ವೇಳೆಗೆ ಸುಮಾರು 1,200 ಮಂದಿ ಮಡಿದಿದ್ದರು. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ, ಮಾತಿನಿಂದಲ್ಲ, ಬಲದಿಂದ. ಈ ಇಪ್ಪತ್ತಾರು ವರ್ಷಗಳ ಕಥೆಯಲ್ಲಿ ಸಂಧಾನಕಾರನಾಗಿ ಸಾರ್ಕ್ ಹೆಸರು ಎಲ್ಲಿಯೂ ಬರುವುದಿಲ್ಲ.

ಸಾರ್ಕ್ ಪರವಾಗಿಯೂ ಹೇಳಬೇಕಾದ ಮಾತುಗಳಿವೆ. ಬೆಂಗಳೂರಿನ ಸಭೆಯ ಬಿಡುವಿನಲ್ಲಿಯೇ ರಾಜೀವ್ ಗಾಂಧಿ ಮತ್ತು ಪಾಕಿಸ್ತಾನದ ಪ್ರಧಾನಿ ಜುನೇಜೊ ಗಡಿಯ ಬಳಿ ನಡೆಯಲಿದ್ದ ಭಾರತದ ದೊಡ್ಡ ಸೇನಾ ಕವಾಯತಿನ ಬಗ್ಗೆ ಮಾತನಾಡಿದರು. 2002ರಲ್ಲಿ ಎರಡೂ ಸೇನೆಗಳು ಎದುರುಬದುರು ನಿಂತಿದ್ದಾಗ ಕಠ್ಮಂಡುವಿನ ಶೃಂಗಸಭೆಯಲ್ಲಿ ಮುಷರಫ್ ಎದ್ದು ಬಂದು ವಾಜಪೇಯಿಯವರ ಕೈಕುಲುಕಿದರು. 2004ರ ಜನವರಿಯಲ್ಲಿ ಇಸ್ಲಾಮಾಬಾದಿನ ಶೃಂಗಸಭೆಯ ನೆಪದಲ್ಲಿ ಅವರಿಬ್ಬರ ನಡುವೆ ಮಾತುಕತೆ ಮತ್ತೆ ಚಿಗುರಿತು. ಅಂದರೆ ಒಕ್ಕೂಟದ ಪಡಸಾಲೆ ಉಪಯೋಗಕ್ಕೆ ಬಂದಿತು; ಒಳಕೋಣೆ ಬರಲಿಲ್ಲ. ಮನಸ್ಸಿದ್ದವರು ಪಡಸಾಲೆಯಲ್ಲಿ ಮಾತನಾಡಿದರು, ಮನಸ್ಸಿಲ್ಲದಾಗ ಸಭೆಯನ್ನೇ ನಿಲ್ಲಿಸಿದರು. 2016ರ ಸೆಪ್ಟೆಂಬರಿನ ಉರಿ ದಾಳಿಯ ನಂತರ ಆ ವರ್ಷದ ಇಸ್ಲಾಮಾಬಾದ್ ಶೃಂಗಸಭೆ ರದ್ದಾಯಿತು. 2014ರ ಕಠ್ಮಂಡು ಸಭೆಯೇ ಈವರೆಗಿನ ಕೊನೆಯ ಶೃಂಗಸಭೆ. ಜಗಳವನ್ನು ಹೊರಗಿಟ್ಟರೆ ಒಕ್ಕೂಟ ಉಳಿಯುತ್ತದೆಂದು ಸನ್ನದು ಬರೆದವರು ಎಣಿಸಿದ್ದರು. ಹೊರಗಿಟ್ಟ ಜಗಳವೇ ಕೊನೆಗೆ ಒಕ್ಕೂಟದ ಬಾಗಿಲನ್ನು ಮುಚ್ಚಿಸಿತು.

ಪ್ರವಾದಿ ಯೆಹೆಜ್ಕೇಲನು ಬಿರುಕುಬಿಟ್ಟ ಗೋಡೆಗೆ ಸುಣ್ಣ ಬಳಿದು ಶಾಂತಿ ನೆಲೆಸಿದೆಯೆಂದು ಸಾರುವವರನ್ನು ಕಟುವಾಗಿ ಖಂಡಿಸುತ್ತಾನೆ. ಮಳೆ ಬಂದಾಗ ಸುಣ್ಣ ನಿಲ್ಲುವುದಿಲ್ಲ ಎಂಬುದು ಅವನ ಎಚ್ಚರಿಕೆ.

ಕಲ್ಲಿದ್ದಲು ಮತ್ತು ಉಕ್ಕು

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಮೊದಲು ಸ್ನೇಹ ಬೆಳೆಯಲಿ, ಕಠಿಣ ವಿಷಯಗಳನ್ನು ಆಮೇಲೆ ಎತ್ತಿಕೊಳ್ಳೋಣ ಎಂಬ ಕ್ರಮದಲ್ಲಿ ತಪ್ಪೇನಿದೆ? ಯೂರೋಪಿನವರೂ ಹಾಗೆಯೇ ಮೊದಲುಮಾಡಲಿಲ್ಲವೆ? ಈ ಆಕ್ಷೇಪಣೆಯನ್ನು ಗೌರವದಿಂದ ಪರಿಶೀಲಿಸಬೇಕು.

ಯೂರೋಪಿನ ಕಲಹ ನಮ್ಮ ಸೀಮೆಗೆ ದೂರದ ಸುದ್ದಿಯಾಗಿರಲಿಲ್ಲ. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಸಿದ ಬಾಸೆಲ್ ಮಿಶನ್ನಿನ ಪರಂಪರೆಯ ಜರ್ಮನ್ ಪಾದ್ರಿಗಳು ಮೊದಲ ಮಹಾಯುದ್ಧದಲ್ಲಿ ಶತ್ರುದೇಶದವರೆಂದು ಬಂಧನಕ್ಕೊಳಗಾದರು, ದೇಶ ಬಿಡಬೇಕಾಯಿತು. ಕ್ರೈಸ್ತರೆನಿಸಿಕೊಂಡ ಎರಡು ರಾಷ್ಟ್ರಗಳ ವೈರಕ್ಕೆ ಇಲ್ಲಿಯ ಶಾಲೆ, ದೇವಾಲಯ, ಸಭೆಗಳು ದಂಡ ತೆತ್ತವು.

ಆ ವೈರವನ್ನು ಕೊನೆಗಾಣಿಸಲು ಹೊರಟವರು ಮೂವರು ಗಡಿಯ ಮಕ್ಕಳು. ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಅವರ ತಂದೆಯ ನಾಡು ಲೊರೇನ್. ಆ ಸೀಮೆ ಒಮ್ಮೆ ಫ್ರಾನ್ಸಿಗೆ, ಒಮ್ಮೆ ಜರ್ಮನಿಗೆ ಸೇರಿದ್ದು. ಇಟಲಿಯ ಪ್ರಧಾನಿ ದೆ ಗಾಸ್ಪೆರಿ ಹುಟ್ಟಿದಾಗ ಅವರ ಊರು ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಯೌವನದಲ್ಲಿ ಅವರು ಆಸ್ಟ್ರಿಯಾದ ಸಂಸತ್ತಿನಲ್ಲಿ ಕುಳಿತಿದ್ದರು. ಜರ್ಮನಿಯ ಅಡೆನಾವರ್ ರೈನ್ ನದಿಯ ದಡದ ಕೊಲೋನಿನವರು. ಮೂವರೂ ಕಥೋಲಿಕ ವಿಶ್ವಾಸಿಗಳು. ಮೂವರೂ ಸರ್ವಾಧಿಕಾರಿಗಳ ಸೆರೆಮನೆಯನ್ನು ಕಂಡವರು. ಶೂಮನ್ ಅವರ ಸದ್ಗುಣಗಳನ್ನು ಮನ್ನಿಸಿ 2021ರ ಜೂನ್ 19ರಂದು ಪೋಪ್ ಫ್ರಾನ್ಸಿಸರು ಅವರನ್ನು ‘ಪೂಜ್ಯ’ರೆಂದು ಅಂಗೀಕರಿಸಿದರು.

1950ರ ಮೇ 9ರಂದು ಶೂಮನ್ ಒಂದು ಘೋಷಣೆ ಮಾಡಿದರು. ಅದರಂತೆ 1951ರಲ್ಲಿ ಆರು ದೇಶಗಳು ತಮ್ಮ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಒಂದು ಮೇಲ್ಪೀಠದ ವಶಕ್ಕೆ ಒಪ್ಪಿಸಿದವು. ತಕರಾರು ಬಂದರೆ ಕೇಳಲು ಒಂದು ನ್ಯಾಯಾಲಯವನ್ನೂ ಸ್ಥಾಪಿಸಿದವು. ಆರರಿಂದ ಮೊದಲಾದ ಈ ಬಳಗವೇ 1957ರ ರೋಮ್ ಒಪ್ಪಂದದ ಮೂಲಕ ಬೆಳೆದು ಇಂದಿನ ಐರೋಪ್ಯ ಒಕ್ಕೂಟವಾಯಿತು. 2012ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪಾರಿತೋಷಕ ಬಂದಿತು.

ಇಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವಿದೆ. ಶೂಮನ್ ಸುಲಭದ ವಿಷಯದಿಂದ ಮೊದಲುಮಾಡಲಿಲ್ಲ. ಕಲ್ಲಿದ್ದಲೂ ಉಕ್ಕೂ ಯುದ್ಧದ ಕಚ್ಚಾವಸ್ತುಗಳು. ತೋಪು, ರಣಗಾಡಿಗಳು ಹುಟ್ಟುತ್ತಿದ್ದದ್ದು ಅವುಗಳಿಂದ. ರೂರ್ ಮತ್ತು ಸಾರ್ ಸೀಮೆಯ ಗಣಿಗಳಿಗಾಗಿಯೇ ಆ ಎರಡು ದೇಶಗಳು ಕಚ್ಚಾಡಿದ್ದವು. ಯಾವುದಕ್ಕಾಗಿ ಜಗಳವಿತ್ತೋ ಅದನ್ನೇ ಅವರು ಕಟ್ಟೆಯ ಮೇಲಿಟ್ಟರು. ಬಲಶಾಲಿಯೂ ತಲೆಬಾಗಬೇಕಾದ ನಿಯಮವನ್ನು ಮಾಡಿದರು. ಸಾರ್ಕ್ ಆರಿಸಿಕೊಂಡದ್ದು ಕೃಷಿ, ಆರೋಗ್ಯ, ಹವಾಮಾನ, ಅಂಚೆ, ಕ್ರೀಡೆ ಮುಂತಾದ ವಿಷಯಗಳನ್ನು. ಎಲ್ಲವೂ ಒಳ್ಳೆಯವೇ. ಆದರೆ ಅಂಚೆಯ ವಿಷಯಕ್ಕೆ ಯಾರೂ ಗಡಿಯಲ್ಲಿ ಗುಂಡು ಹಾರಿಸಿದ್ದಿಲ್ಲ.

ದಕ್ಷಿಣ ಏಷ್ಯಾದ ಕಲ್ಲಿದ್ದಲು ಯಾವುದು? ಈ ಪ್ರಶ್ನೆಗೆ ನವಲಗುಂದದ ರೈತ ತಡವಿಲ್ಲದೆ ಉತ್ತರ ಹೇಳಿಯಾನು: ನೀರು. 1960ರ ಸೆಪ್ಟೆಂಬರ್ 19ರಂದು ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ ಆದ ಸಿಂಧೂ ಜಲ ಒಪ್ಪಂದ 1965, 1971, 1999ರ ಕದನಗಳನ್ನು ದಾಟಿ ಬಂದಿತು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರ ಹತ್ಯೆಯಾದ ಮರುದಿನ ಭಾರತವು ಅದನ್ನು ಅಮಾನತಿನಲ್ಲಿ ಇಡುವುದಾಗಿ ಸಾರಿತು. ಭಾರತ-ಬಾಂಗ್ಲಾದೇಶಗಳ ಗಂಗಾ ಒಪ್ಪಂದ ಆದದ್ದು 1996ರಲ್ಲಿ. ಇವೆಲ್ಲವೂ ಇಬ್ಬಿಬ್ಬರ ನಡುವಿನ ಒಪ್ಪಂದಗಳು. ಇಬ್ಬರ ಸಂಬಂಧ ಕೆಟ್ಟ ದಿನ ಮೂರನೆಯ ನೆರೆಯವನು ಬಂದು ಕೂಡಿಸಲು ಒಕ್ಕೂಟದಲ್ಲಿ ಏರ್ಪಾಡಿಲ್ಲ. ನಲವತ್ತು ವರ್ಷಗಳಲ್ಲಿ ನದಿಗಳಿಗಾಗಿ ಒಂದು ಕಟ್ಟೆಯನ್ನು ಕಟ್ಟಿಕೊಳ್ಳದೆ ಹೋದದ್ದೇ ಸಾರ್ಕ್ ಮೇಲಿನ ನಮ್ಮ ಮುಖ್ಯ ಆಪಾದನೆ.

ಅಂಗಳದ ಬೆಂಕಿ

ಹಾಗೆಂದು ಐರೋಪ್ಯ ಒಕ್ಕೂಟವನ್ನು ಆದರ್ಶವೆಂದು ಹೊತ್ತು ಮೆರೆಸಬೇಕಾಗಿಲ್ಲ. ಮನೆಯೊಳಗೆ ಶಾಂತಿಯನ್ನು ಕಟ್ಟಿದ ಆ ಬಳಗ ಬಾಗಿಲಾಚೆಯ ಬೆಂಕಿಯೆದುರು ಮತ್ತೆ ಮತ್ತೆ ಎಡವಿದೆ. 1991ರಿಂದ ಯುಗೊಸ್ಲಾವಿಯ ಒಡೆದು ಹೋಳಾಗುವಾಗ ಸದಸ್ಯ ದೇಶಗಳ ಅಭಿಪ್ರಾಯಗಳು ಒಡೆದವು, ಸಂಧಾನಗಳು ಸೋತವು. 1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರು ಮತ್ತು ಹುಡುಗರ ಹತ್ಯೆಯಾಯಿತು. ಯೂರೋಪಿನ ನೆಲದಲ್ಲಿಯೇ, ವಿಶ್ವಸಂಸ್ಥೆಯ ರಕ್ಷಣಾ ವಲಯವೆಂದು ಘೋಷಿಸಿದ ಜಾಗದಲ್ಲಿ ಇದು ನಡೆಯಿತು. ಯುದ್ಧದಿಂದ ಓಡಿಬರುವವರ ಮಾತು ಬಂದಾಗಲೂ ಹಾಗೆಯೇ. ಮೆಡಿಟರೇನಿಯನ್ ಸಮುದ್ರ ಒಂದು ಮಸಣವಾಗಬಾರದೆಂದು ಪೋಪ್ ಫ್ರಾನ್ಸಿಸರು 2014ರ ನವೆಂಬರ್ 25ರಂದು ಐರೋಪ್ಯ ಸಂಸತ್ತಿನಲ್ಲಿ ನಿಂತು ಎಚ್ಚರಿಸಿದರು. ಆಮೇಲೂ ದೋಣಿಗಳು ಮುಳುಗುತ್ತಲೇ ಇವೆ. 2021ರಲ್ಲಿ ‘ಐರೋಪ್ಯ ಶಾಂತಿ ನಿಧಿ’ ಎಂಬರ್ಥದ ಹೆಸರಿನಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ದಾಳಿ ಮಾಡಿದ ಮೇಲೆ ಉಕ್ರೇನಿಗೆ ಆಯುಧಗಳನ್ನು ಒದಗಿಸಲು ಅದು ಬಳಕೆಯಾಯಿತು. ಆಕ್ರಮಣಕ್ಕೊಳಗಾದವನಿಗೆ ನೆರವಾಗುವುದು ನ್ಯಾಯವೆಂದು ವಾದಿಸಬಹುದು, ಆ ವಾದಕ್ಕೆ ಬಲವೂ ಇದೆ. ಆಯುಧದ ಖರ್ಚಿಗೆ ಶಾಂತಿಯ ಹೆಸರಿಡುವುದನ್ನು ಮಾತ್ರ ಒಪ್ಪಲಾಗದು. ಮಾತು ಕೆಟ್ಟರೆ ಮನಸ್ಸೂ ಕೆಡುತ್ತದೆ.

ಇದೇ ಒಕ್ಕೂಟ ಒಳ್ಳೆಯ ಕೆಲಸ ಮಾಡಿದ ಒಂದು ಪ್ರಸಂಗವೂ ಇದೆ. ಇಂಡೋನೇಷ್ಯಾದ ಆಚೆಯಲ್ಲಿ ಸುಮಾರು ಮೂವತ್ತು ವರ್ಷ ಬಂಡಾಯ ನಡೆದಿತ್ತು. 2004ರ ಡಿಸೆಂಬರ್ 26ರ ಸುನಾಮಿ ಆ ನಾಡನ್ನೇ ಕೊಚ್ಚಿಕೊಂಡು ಹೋಯಿತು. ಎಂಟು ತಿಂಗಳೊಳಗೆ, 2005ರ ಆಗಸ್ಟ್ 15ರಂದು, ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿಯವರ ಸಂಧಾನದಿಂದ ಹೆಲ್ಸಿಂಕಿಯಲ್ಲಿ ಒಪ್ಪಂದವಾಯಿತು. ಅದು ಜಾರಿಯಾಗುವುದನ್ನು ನೋಡಿಕೊಳ್ಳಲು ಐರೋಪ್ಯ ಒಕ್ಕೂಟವೂ ಆಸಿಯಾನಿನ ಐದು ದೇಶಗಳೂ ಸೇರಿ ಒಂದು ತಂಡವನ್ನು ಕಳುಹಿಸಿದವು. ಆಯುಧ ಹಿಡಿಯದ ಆ ತಂಡ ಬಂಡಾಯಗಾರರಿಂದ 840 ಆಯುಧಗಳನ್ನು ಒಪ್ಪಿಸಿಕೊಂಡು ನಾಶಪಡಿಸಿತು. 2006ರ ಡಿಸೆಂಬರಿನಲ್ಲಿ ಕೆಲಸ ಮುಗಿಸಿ ಹೊರಟುಹೋಯಿತು. ಇದು ಸಾಧ್ಯವಾದದ್ದೇಕೆ? ಎರಡೂ ಕಡೆಯವರು ಮೊದಲೇ ಕೂತು ಜಗಳದ ವಿಷಯವನ್ನೇ ಮಾತನಾಡಿದ್ದರು. ಒಕ್ಕೂಟಗಳು ಬಂದದ್ದು ಮಾತಿಗೆ ಸಾಕ್ಷಿಯಾಗಿ ನಿಲ್ಲಲು. ಆದರೆ ಅದೇ ಆಸಿಯಾನ್ ತನ್ನದೇ ಸದಸ್ಯ ದೇಶವಾದ ಮ್ಯಾನ್ಮಾರಿನಲ್ಲಿ ಸೇನೆ 2021ರಲ್ಲಿ ಅಧಿಕಾರ ಕಸಿದುಕೊಂಡಾಗ ಐದು ಅಂಶಗಳ ಒಂದು ಸೂತ್ರವನ್ನು ಒಪ್ಪಿಸಿತೇ ಹೊರತು ಅದನ್ನು ಪಾಲಿಸುವಂತೆ ಮಾಡಲಾಗಲಿಲ್ಲ.

ಆಫ್ರಿಕಾದ ಕಥೆ ಇನ್ನೂ ಬೋಧಪ್ರದವಾದುದು. 1963ರಲ್ಲಿ ಸ್ಥಾಪನೆಯಾದ ಅಲ್ಲಿಯ ಹಳೆಯ ಸಂಸ್ಥೆ ಪರರ ಮನೆಯ ವಿಷಯಕ್ಕೆ ಕೈಹಾಕಬಾರದೆಂಬ ನಿಯಮವನ್ನು ಬಿಗಿಯಾಗಿ ಹಿಡಿದಿತ್ತು. 1994ರಲ್ಲಿ ರುವಾಂಡದಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರ ಸಂಹಾರವಾದಾಗ ಆ ನಿಯಮದ ಬೆಲೆ ಏನೆಂಬುದು ಗೊತ್ತಾಯಿತು. ಅಲ್ಲಿ ದೇವಾಲಯಗಳೊಳಗೆ ಆಶ್ರಯ ಪಡೆದವರೂ ಕೊಲೆಯಾದರು. ಕೊಂದವರಲ್ಲಿ ದೀಕ್ಷಾಸ್ನಾನ ಪಡೆದವರೂ ಇದ್ದರು ಎಂಬುದನ್ನು ಕ್ರೈಸ್ತರಾದ ನಾವು ಮರೆಯಲಾಗದು. ಆ ನೋವಿನಿಂದ ಪಾಠ ಕಲಿತ ಆಫ್ರಿಕಾದ ನಾಯಕರು 2002ರಲ್ಲಿ ಕಾರ್ಯಾರಂಭ ಮಾಡಿದ ಹೊಸ ಒಕ್ಕೂಟದ ಸಂವಿಧಾನದಲ್ಲಿ, ನರಮೇಧದಂತಹ ಪಾತಕ ನಡೆದಾಗ ಸದಸ್ಯ ದೇಶದೊಳಗೆ ಪ್ರವೇಶಿಸುವ ಹಕ್ಕು ಒಕ್ಕೂಟಕ್ಕಿದೆಯೆಂದು ಬರೆದರು. ಬರಹದ ಮಟ್ಟಿಗೆ ಇದು ಜಗತ್ತಿನ ಯಾವ ಒಕ್ಕೂಟವೂ ಇಡದ ಹೆಜ್ಜೆ.

ಆದರೆ 2020ರ ನವೆಂಬರಿನಲ್ಲಿ ಇಥಿಯೋಪಿಯಾದ ಟಿಗ್ರಾಯ್ ಪ್ರಾಂತದಲ್ಲಿ ಯುದ್ಧ ಹೊತ್ತಿಕೊಂಡಿತು. ಆಫ್ರಿಕಾ ಒಕ್ಕೂಟದ ಕೇಂದ್ರ ಕಾರ್ಯಾಲಯವಿರುವುದು ಅದೇ ದೇಶದ ರಾಜಧಾನಿ ಅಡಿಸ್ ಅಬಾಬಾದಲ್ಲಿ. ಆತಿಥ್ಯ ನೀಡಿದ ಯಜಮಾನನೇ ಜಗಳದ ಒಂದು ಪಕ್ಷವಾದಾಗ ಅತಿಥಿಗಳ ನಾಲಗೆ ತಡವರಿಸಿತು. ಒಕ್ಕೂಟದ ನೇತೃತ್ವದಲ್ಲಿ ಪ್ರಿಟೋರಿಯಾದಲ್ಲಿ ಒಪ್ಪಂದವಾದದ್ದು 2022ರ ನವೆಂಬರ್ 2ರಂದು, ಎರಡು ವರ್ಷಗಳ ಮೇಲೆ. ಅಷ್ಟರಲ್ಲಿ ಲಕ್ಷಾಂತರ ಜನ ನೆಲೆ ಕಳೆದುಕೊಂಡಿದ್ದರು. ಆ ಒಪ್ಪಂದ ಬಂದೂಕಿನ ಸದ್ದನ್ನು ಬಹುಮಟ್ಟಿಗೆ ತಗ್ಗಿಸಿತೆಂಬುದನ್ನು ಮೆಚ್ಚಲೇಬೇಕು. ತಡವಾದದ್ದಕ್ಕೆ ಕಾರಣವನ್ನೂ ಕೇಳಲೇಬೇಕು: ದೂರದವರ ತಪ್ಪಿಗೆ ಇರುವ ನಿಯಮ ಹತ್ತಿರದವರ ತಪ್ಪಿಗೆ ಅನ್ವಯವಾಗದಿದ್ದರೆ ಅದು ನಿಯಮವೆ?

ಮಹದಾಯಿಯ ದಡದಲ್ಲಿ

ಇಷ್ಟು ದೂರ ಸುತ್ತಿ ಬಂದ ಮೇಲೆ ನಮ್ಮ ಅಂಗಳವನ್ನೂ ನೋಡಬೇಕು. ಭಾರತವೂ ರಾಜ್ಯಗಳ ಒಂದು ಒಕ್ಕೂಟವೆಂದು ನಮ್ಮ ಸಂವಿಧಾನದ ಮೊದಲನೆಯ ವಿಧಿಯೇ ಹೇಳುತ್ತದೆ. ದೇಶಗಳ ಒಕ್ಕೂಟವೂ ರಾಜ್ಯಗಳ ಒಕ್ಕೂಟವೂ ಒಂದೇ ಅಲ್ಲ; ಇಲ್ಲಿ ಒಂದು ಸರ್ವೋಚ್ಚ ನ್ಯಾಯಾಲಯವಿದೆ, ಒಂದು ಸಂಸತ್ತಿದೆ. ಆದರೆ ನೆರೆಯವರ ಜಗಳವನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆ ಎರಡಕ್ಕೂ ಸಮಾನ.

ಗಡಿ ಎಂಬುದು ಎಷ್ಟು ಹಗುರವಾಗಬಲ್ಲದೆಂಬುದಕ್ಕೆ ನಮ್ಮಲ್ಲಿಯೇ ಸಾಕ್ಷಿಯಿದೆ. 1948ರವರೆಗೆ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲಿನ ಹುಬ್ಬಳ್ಳಿ, ನವಲಗುಂದ, ಕಲಘಟಗಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಒಂದೇ ನುಡಿಯ ಜನ ಎರಡು ಆಳ್ವಿಕೆಯಲ್ಲಿದ್ದರು. ಈಗ ಆ ಗೆರೆ ತಾಲ್ಲೂಕಿನ ಗೆರೆ ಮಾತ್ರ. 1956ರ ನವೆಂಬರ್ 1ರ ಏಕೀಕರಣದ ತರುವಾಯ ಅಲ್ಲಿಯ ಗಡಿಯನ್ನು ಯಾರೂ ನೆನೆಯುವುದಿಲ್ಲ.

ಆದರೆ ಪಶ್ಚಿಮದ ಇನ್ನೊಂದು ಗೆರೆ ಭಾರವಾಗಿಯೇ ಉಳಿದಿದೆ. ಮಲಪ್ರಭೆ, ಮಹದಾಯಿ ಎರಡೂ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ. ಒಂದು ಪೂರ್ವಕ್ಕೆ ತಿರುಗಿ ನವಿಲುತೀರ್ಥದ ಜಲಾಶಯವನ್ನು ತುಂಬಿ ನವಲಗುಂದದ ಕಾಲುವೆಗಳಿಗೂ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ನೀರಾಗುತ್ತದೆ. ಇನ್ನೊಂದು ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಸಮುದ್ರ ಸೇರುತ್ತದೆ. ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ನಮ್ಮವರ ಬೇಡಿಕೆ. ತಿರುಗಿಸಿದರೆ ತಮ್ಮ ನದಿ, ಕಾಡು, ಮೀನು ಸೊರಗುತ್ತವೆಂಬುದು ಗೋವೆಯವರ ಆತಂಕ. 2002ರ ಏಪ್ರಿಲಿನಲ್ಲಿ ಕೇಂದ್ರ ನೀಡಿದ ತಾತ್ತ್ವಿಕ ಒಪ್ಪಿಗೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಡೆಯಾಯಿತು. 2010ರ ನವೆಂಬರಿನಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2018ರ ಆಗಸ್ಟ್ 14ರಂದು ಅದು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9. ಗೋವೆಗೆ 24, ಮಹಾರಾಷ್ಟ್ರಕ್ಕೆ 1.33. ತೀರ್ಪು 2020ರ ಫೆಬ್ರವರಿ 27ರಂದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಮೂರೂ ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು.

ಅಂದರೆ ನಮ್ಮ ಒಕ್ಕೂಟಕ್ಕೆ ಕಟ್ಟೆ ಇದೆ. ಸಂವಿಧಾನದ 262ನೆಯ ವಿಧಿ ಮತ್ತು 1956ರ ಅಂತರರಾಜ್ಯ ನದಿನೀರು ವಿವಾದಗಳ ಕಾಯಿದೆ ನೀರಿನ ಜಗಳವನ್ನು ಹೊರಗಿಡುವುದಿಲ್ಲ, ಒಳಗೆ ಕರೆಯುತ್ತವೆ. ಸಾರ್ಕ್ ಕಲಿಯಬಹುದಾದ ಪಾಠವಿದು. ಆದರೆ ಕಟ್ಟೆಯ ಕೊರತೆಗಳನ್ನೂ ಹೇಳಬೇಕು. ಕಟ್ಟೆ ಏರಲು ಎಂಟು ವರ್ಷ, ತೀರ್ಪಿಗೆ ಇನ್ನೆಂಟು ವರ್ಷ. ಅಷ್ಟು ಕಾಲ ಬರಗಾಲ ಕಾಯುವುದಿಲ್ಲ. 2015ರ ಜುಲೈಯಿಂದ ನರಗುಂದ, ನವಲಗುಂದಗಳಲ್ಲಿ ರೈತರು ಧರಣಿ ಕುಳಿತರು. 2016ರ ಜುಲೈ 27ರಂದು ಕರ್ನಾಟಕದ ಮಧ್ಯಂತರ ಬೇಡಿಕೆ ತಳ್ಳಿಹೋದಾಗ ಸಿಟ್ಟು ಸ್ಫೋಟಗೊಂಡಿತು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿ ಹೆಂಗಸರು, ಮುದುಕರೆನ್ನದೆ ಬಿದ್ದದ್ದು ನಾಡಿಗೆಲ್ಲ ಸುದ್ದಿಯಾಯಿತು. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆದ ನೆಲವೇ ಇದು. ಕಟ್ಟೆ ತಡಮಾಡಿದಾಗ ಬೀದಿ ಮಾತನಾಡುತ್ತದೆ. ಬೀದಿಗೆ ಉತ್ತರ ಲಾಠಿಯಿಂದ ಬರುತ್ತದೆ.

ಇನ್ನೊಂದು ಕೊರತೆ ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ. ನೆರೆಯ ರಾಜ್ಯಗಳು ಆಗಾಗ ಕೂಡಿ ಮಾತನಾಡಲೆಂದು 1956ರಲ್ಲಿ ವಲಯ ಪರಿಷತ್ತುಗಳನ್ನು ರಚಿಸಲಾಯಿತು. ಕರ್ನಾಟಕ ದಕ್ಷಿಣ ವಲಯದಲ್ಲಿದೆ. ಗೋವಾ, ಮಹಾರಾಷ್ಟ್ರಗಳು ಪಶ್ಚಿಮ ವಲಯದಲ್ಲಿವೆ. ಒಂದೇ ಕಾಡಿನ ನೀರು ಕುಡಿಯುವವರು ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತಿದ್ದಾರೆ. ನ್ಯಾಯಮಂಡಳಿಯ ಮುಂದೆಯೂ ಇದ್ದದ್ದು ಸರ್ಕಾರಗಳು, ಅವುಗಳ ವಕೀಲರು. ಅಣ್ಣಿಗೇರಿಯ ಒಣಭೂಮಿಯ ರೈತ ಮಹಿಳೆಯೂ ಗೋವೆಯ ಸತ್ತರಿ ತಾಲ್ಲೂಕಿನ ತೋಟದ ಕೂಲಿಯೂ ಎದುರುಬದುರು ಕೂತು ಮಾತನಾಡುವ ಜಾಗ ಎಲ್ಲಿಯೂ ಇಲ್ಲ. ಶೃಂಗಸಭೆಗಳ ದೋಷವೇ ಇಲ್ಲಿಯೂ ಇದೆ: ನೊಂದವರ ಹೆಸರಿನಲ್ಲಿ ಮಾತು ನಡೆಯುತ್ತದೆ, ನೊಂದವರು ಹೊರಗೆ ನಿಂತಿರುತ್ತಾರೆ.

ಇಸಾಕನ ಬಾವಿಗಳು

ಆದಿಕಾಂಡದ 26ನೆಯ ಅಧ್ಯಾಯದಲ್ಲಿ ನೀರಿನ ಜಗಳದ ಒಂದು ವೃತ್ತಾಂತವಿದೆ. ಗೆರಾರಿನ ಕಣಿವೆಯಲ್ಲಿ ಇಸಾಕನ ಆಳುಗಳು ಬಾವಿ ತೋಡಿದರು. ಅಲ್ಲಿಯ ಕುರುಬರು ನೀರು ತಮ್ಮದೆಂದು ಜಗಳಕ್ಕೆ ಬಂದರು. ಇಸಾಕನು ಆ ಬಾವಿಗೆ ಜಗಳದ ಹೆಸರನ್ನೇ ಇಟ್ಟನು. ಎರಡನೆಯದನ್ನು ತೋಡಿದಾಗಲೂ ತಕರಾರು. ಅದಕ್ಕೆ ವೈರದ ಹೆಸರು. ಮೂರನೆಯದಕ್ಕೆ ತಕರಾರು ಬರಲಿಲ್ಲ. ಅದಕ್ಕೆ ವಿಸ್ತಾರವೆಂಬ ಅರ್ಥದ ಹೆಸರನ್ನಿಟ್ಟನು. ಈ ಕಥೆಯನ್ನು ನಾವು ಇಸಾಕನ ತಾಳ್ಮೆಯ ಪಾಠವೆಂದು ಓದುತ್ತೇವೆ. ಅದರಲ್ಲಿ ಇನ್ನೆರಡು ಅಂಶಗಳಿವೆ. ಇಸಾಕನು ಜಗಳವನ್ನು ಮರೆಮಾಚಲಿಲ್ಲ. ಬಾವಿಗಳಿಗೆ ಅದರ ಹೆಸರನ್ನೇ ಇಟ್ಟು ನೆನಪಿನಲ್ಲಿ ಉಳಿಸಿದನು. ಕೊನೆಗೆ ಅರಸ ಅಬೀಮೆಲೆಕನು ತಾನೇ ಬಂದಾಗ, ನನ್ನನ್ನು ದ್ವೇಷಿಸಿ ಕಳುಹಿಸಿದ ನೀವು ಈಗ ಬಂದದ್ದೇಕೆಂದು ಮುಖ ನೋಡಿ ಕೇಳಿದನು. ಕೇಳಿದ ಮೇಲೆಯೇ ಊಟ, ಊಟದ ಮೇಲೆ ಆಣೆ, ಒಪ್ಪಂದ. ಅದೇ ದಿನ ಆಳುಗಳು ಬಂದು ನೀರು ಸಿಕ್ಕಿತೆಂದು ಹೇಳಿದರು.

ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಕಲಿಸುವುದೂ ಇದೇ ಕ್ರಮವನ್ನು. ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡಬೇಕು. ಸುಮ್ಮನಿರಬೇಕೆಂದು ಎಲ್ಲಿಯೂ ಹೇಳಿಲ್ಲ. 1963ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರು ಭೂಮಿಯ ಮೇಲಿನ ಶಾಂತಿಯನ್ನು ಕುರಿತು ಬರೆದ ವಿಶ್ವಪತ್ರವೂ ಸತ್ಯ, ನ್ಯಾಯ, ಪ್ರೀತಿ, ಸ್ವಾತಂತ್ರ್ಯಗಳ ಮೇಲೆ ಶಾಂತಿಯನ್ನು ನಿಲ್ಲಿಸುತ್ತದೆ. ಸತ್ಯವನ್ನು ಹೊರಗಿಟ್ಟು ಕಟ್ಟಿದ ಶಾಂತಿಗೆ ಅಲ್ಲಿ ಜಾಗವಿಲ್ಲ.

ಶೃಂಗಸಭೆಗಳ ಸನ್ನದನ್ನು ತಿದ್ದುವ ಅಧಿಕಾರ ನಮ್ಮ ಧರ್ಮಕೇಂದ್ರದ ಕುಟುಂಬಗಳಿಗೆ ಇಲ್ಲ. ಆದರೆ ಕೈಗೆಟುಕುವ ಒಂದು ಕೆಲಸವಿದೆ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ರಚನೆಯಾದಾಗ ಅದರ ನೆಲದ ಒಂದು ಭಾಗ ಗೋವೆಯ ಮಹಾಧರ್ಮಪ್ರಾಂತದಿಂದ ಬಂದಿತು. ಗೋವೆಯವರು ನಮಗೆ ಪರರಲ್ಲ; ಒಂದೇ ತಾಯಿಯ ಮಡಿಲಿನವರು. ಆದರೂ ಮಹದಾಯಿಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಗೋವೆಯವರನ್ನು ನೀರು ಕಸಿಯುವವರೆಂದೂ, ಅಲ್ಲಿಯ ಮನೆಗಳಲ್ಲಿ ನಮ್ಮನ್ನು ನದಿ ಕದಿಯುವವರೆಂದೂ ಹೇಳುವುದನ್ನು ಮಕ್ಕಳು ಕೇಳುತ್ತ ಬೆಳೆಯುತ್ತಾರೆ. ಎರಡೂ ಧರ್ಮಪ್ರಾಂತಗಳ ಕೆಲವು ಕುಟುಂಬಗಳು ವರ್ಷಕ್ಕೊಮ್ಮೆ ಒಂದೆಡೆ ಸೇರಿ, ನವಲಗುಂದದ ಕಾಲುವೆಯ ಕೊನೆಯ ಹೊಲವನ್ನು ಅವರಿಗೆ ತೋರಿಸಿ, ಸತ್ತರಿಯ ಹೊಳೆದಂಡೆಯನ್ನು ತಾವು ನೋಡಿ ಬಂದರೆ ಅದರಿಂದ ನೀರು ಹರಿಯಲಾರದು. ಎದುರಿನವನ ಬಾಯಾರಿಕೆಯ ಪರಿಚಯವಾದೀತು. ಬರುವ ಜನವರಿ 1ರಂದು ಶಾಂತಿಗಾಗಿ ಪ್ರಾರ್ಥಿಸುವಾಗ ದೂರದ ದೇಶಗಳ ಜೊತೆಗೆ ಈ ಒಂದು ನದಿಯ ಹೆಸರನ್ನೂ, ಅದರ ಎರಡೂ ದಡದ ಊರುಗಳ ಹೆಸರನ್ನೂ ಎತ್ತಿ ಹೇಳುವುದರಿಂದ ಇದನ್ನು ಮೊದಲುಮಾಡಬಹುದು.